ಕೀಲಿಕೈ ನಮ್ಮ ಸೊಂಟದಾಗ ಇರ್ಲಿ

ಇವತ್ತ ಅಡಗಿ ಇಲ್ಲ, ಹಬ್ಬದ ತಯಾರಿ ಇಲ್ಲ, ಮಾವಿನಕಾಯಿ ಉಪ್ಪಿನಕಾಯಿ ಇಲ್ಲ. ಇವತ್ತ ನಾ ಜಗಳಾಡ್ಲಿಕ್ಕೇ ಕೂತೀನಿ. ಯಾರ ಜೋಡಿ ಅಂದ್ರ, ನಮ್ಮ ನಮ್ಮ ಮನ್ಯಾಗಿನ ಶಾಣ್ಯಾರ ಜೋಡಿ. ಕಂಪ್ಯೂಟರ್ ಮುಂದ ಕೂತಾಗ ನಾವು ಏನರೆ ಕೇಳಿದ್ವಿ ಅಂದ್ರ, "ಅಮ್ಮಾ, ನಿನಗ್ಯಾಕ ಬೇಕ ಅದೆಲ್ಲಾ, ಮೌಸ್‌ಲೆ ಕ್ಲಿಕ್ ಮಾಡು, ಸಾಕು" ಅಂತಾರಲ್ಲಾ, ಆ ಮಾತಿನ ಮ್ಯಾಲ ನನ್ನ ಸಿಟ್ಟು.

ವಿಷಯ ನೋಡಿದ್ರ ಭಾಳ ಸಣ್ಣದು. ವರ್ಡಿನಾಗ ಎರಡು ಫೈಲ್ ತಗದಿಟ್ಟಿರ್ತೀವಿ. ಒಂದರಿಂದ ಇನ್ನೊಂದಕ್ಕ ಹೋಗಬೇಕು, ಏನದ ನೋಡಬೇಕು, ತಿರುಗಿ ಬರಬೇಕು. ಇದಕ್ಕ ಎರಡು ಬಟನ್ ಸಾಕು, ಮೌಸ್ ಮುಟ್ಟೂದೇ ಬ್ಯಾಡ. ಈ ಎರಡು ಬಟನ್ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಮೂವತ್ತು ವರ್ಷದ ಮ್ಯಾಲಾತು. ಆಫೀಸಿನಾಗ ಕೂಡವರಿಗೆಲ್ಲಾ ಗೊತ್ತದ. ನಮ್ಮ ಮಕ್ಕಳಿಗೆ ಗೊತ್ತದ, ಸ್ವಸಿಗೆ ಗೊತ್ತದ, ಅಳಿಯಗೂ ಗೊತ್ತದ. ಮನ್ಯಾಗ ಕೂತು ಟೈಪ್ ಮಾಡೂ ನಮಗ ಮಾತ್ರ ಯಾರೂ ಹೇಳಿಲ್ಲ. ಯಾಕ ಹೇಳಿಲ್ಲ ಅನ್ನೂದೇ ನನ್ನ ಪ್ರಶ್ನೆ.

"ನಿಮಗೆಂಥಾ ಟೈಪಿಂಗ್ ಕೆಲಸ ಇರ್ತದ" ಅನ್ನವರಿಗೆ ಮೊದಲ ಉತ್ತರ ಕೊಡ್ತೀನಿ. ಮನಿ ಅಂದ್ರ ಸಣ್ಣ ಕಚೇರಿ ಏನು? ಮದುವಿ ಬಂತಂದ್ರ ಕರಿಯೂವರ ಯಾದಿ ಯಾರ ಮಾಡ್ತಾರ? ನಾವು. ಹಿಂದಿನ ಮದುವ್ಯಾಗ ಯಾರ ಮನಿಂದ ಏನ ಆಹೇರ ಬಂದಿತ್ತು, ಈಗ ಅವರ ಮನಿಗೆ ನಾವೇನ ಕೊಡಬೇಕು, ಅದರ ಲೆಕ್ಕಾ ಯಾರ ಇಡ್ತಾರ? ನಾವು. ಮಹಿಳಾ ಮಂಡಳದ ಸಭಾ ನಡಾವಳಿ, ಭಜನಾ ಮಂಡಳಿಯ ಹಾಡಿನ ಪುಸ್ತಕ, ಮಗಳ ವರಾನ್ವೇಷಣೆಗೆ ಬಯೋಡೇಟಾ, ಮಾವನವರ ಪೆನ್ಷನ್ ಬಗ್ಗೆ ಅರ್ಜಿ, ಓಣ್ಯಾಗಿನ ಗಟಾರ ತುಂಬೇದ ಅಂತ ಪಾಲಿಕೆಗೆ ಮನವಿ, ಸ್ವಸಹಾಯ ಸಂಘದ ವಂತಿಗಿ ಲೆಕ್ಕಾ. ಹಿಂದ ಇವನ್ನೆಲ್ಲಾ ಉದ್ದನ್ನ ನೋಟಬುಕ್ಕಿನಾಗ ಬರೀತಿದ್ವಿ. ಈಗ ಎಲ್ಲಾರೂ "ಟೈಪ್ ಮಾಡಿ ಕಳಸ್ರಿ" ಅಂತಾರ. ಹಿಂಗಾಗಿ ಮಗನ ಹಳೇ ಲ್ಯಾಪ್‌ಟಾಪ್ ನಮ್ಮ ಪಾಲಿಗೆ ಬಂದದ. ಲ್ಯಾಪ್‌ಟಾಪ್ ಬಂತು, ಅದನ್ನ ಹ್ಯಾಂಗ ನಡಸೂದು ಅನ್ನೂದು ಅರ್ಧಾನೇ ಬಂತು.

ಈಗ ಆ ಕೆಲಸಗಳನ್ನ ಇನ್ನೊಮ್ಮೆ ನೋಡ್ರಿ. ಒಂದರೆ ಒಂದೇ ಫೈಲಿನಾಗ ಮುಗಿಯೂದದ ಏನು? ಹೊಸಾ ಯಾದಿ ಮಾಡಬೇಕಂದ್ರ ಹಳೇ ಯಾದಿ ನೋಡಬೇಕು. ಈ ತಿಂಗಳದ ನಡಾವಳಿ ಬರೀಬೇಕಂದ್ರ ಹೋದ ತಿಂಗಳ ಏನ ಠರಾವ್ ಆಗಿತ್ತು ನೋಡಬೇಕು. ಎರಡನೇ ಅರ್ಜಿ ಬರೀಬೇಕಂದ್ರ ಮೊದಲನೇ ಅರ್ಜಿ ತಾರೀಖು, ನಂಬರ್ ಬೇಕು. ಮನಿ ಬರವಣಿಗಿ ಅಂದ್ರ ಯಾವಾಗ್ಲೂ ಎರಡು ಹಾಳಿ ಮುಂದಿಟ್ಟುಕೊಂಡು ಬರಿಯೂ ಬರವಣಿಗಿ. ಹಂಗಿದ್ದಾಗ ಒಂದು ಹಾಳಿಂದ ಇನ್ನೊಂದಕ್ಕ ಕಣ್ಣು ಹೊರಳಿಸೂದನ್ನೇ ಕಲಿಸಲಾರದ ಕಂಪ್ಯೂಟರ್ ಕಲಿಸಿದ್ರ ಅದು ಎಂಥಾ ಕಲಿಸಾಣ?

ಮೌಸ್‌ಲೆ ಇದೇ ಕೆಲಸ ಹ್ಯಾಂಗ ಆಗ್ತದ ಹೇಳ್ತೀನಿ ಕೇಳ್ರಿ. ಕೀಬೋರ್ಡ್ ಮ್ಯಾಲಿಂದ ಬಲಗೈ ತಗೀಬೇಕು. ಮೌಸ್ ಹುಡುಕಬೇಕು. ಬಾಣದ ಗುರುತು ಪರದಾದ ಮ್ಯಾಲ ಎಲ್ಲದ ಹುಡುಕಬೇಕು. ಅದನ್ನ ಕೆಳಗ ಪಟ್ಟಿಗೆ ಒಯ್ಯಬೇಕು. ಅಲ್ಲಿ ವರ್ಡಿಂದು ಒಂದೇ ಚಿತ್ರ ಇರ್ತದ, ಯಾಕಂದ್ರ ಈಗಿನ ವಿಂಡೋಸ್ ತೆರೆದ ಎಲ್ಲಾ ಫೈಲನ್ನೂ ಒಂದೇ ಗುರುತಿನ ಕೆಳಗ ಗುಂಪು ಮಾಡಿ ಇಡ್ತದ. ಅದರ ಮ್ಯಾಲ ಬಾಣ ಹಿಡದು ನಿಂತ್ರ ಸಣ್ಣ ಸಣ್ಣ ಚಿತ್ರ ಮ್ಯಾಲೇಳ್ತಾವ. ಎಲ್ಲಾ ಬಿಳೇ ಹಾಳಿ, ಎಲ್ಲಾದರ ಮ್ಯಾಲೂ ಕರೇ ಗೆರಿ. ಚಾಳೀಸು ಬಂದ ಕಣ್ಣಿಗೆ ಯಾವದು ಹಳೇ ಯಾದಿ, ಯಾವದು ಹೊಸಾ ಯಾದಿ ತಿಳೀತದೇನು? ಒಂದಿಷ್ಟು ಕೈ ಸರೀತಂದ್ರ ಚಿತ್ರಗಳೇ ಮಾಯ. ಮತ್ತ ಮೊದಲಿಂದ ಶುರು. ಹಂಗೂ ಹಿಂಗೂ ಹೋಗಿ ನೋಡಿ, ಹೆಸರು ಬಾಯಾಗ ಗುನುಗುಕೋತ ತಿರುಗಿ ಬರಬೇಕು. ಬರೂದ್ರಾಗ ಅರ್ಧಾ ಮರತಿರ್ತದ.

200 ಹೆಸರಿನ ಯಾದಿ ಅದ ಅಂತ ಇಟ್ಟುಕೋರಿ. ಒಂದೊಂದು ಹೆಸರಿಗೆ ಒಮ್ಮೆ ಹೋಗೂದು, ಒಮ್ಮೆ ಬರೂದು. 400 ಸಲ ಕೈ ಕೀಬೋರ್ಡ್ ಬಿಟ್ಟು ಮೌಸಿಗೆ ಓಡಬೇಕು. ಸಂಜಿಗೆ ಮಣಿಕಟ್ಟು ನೋಯ್ತಾವ, ಭುಜಾ ಹಿಡೀತಾವ. ಆಮ್ಯಾಲ ಮನಿ ಮಂದಿ ಏನಂತಾರ? "ಒಂದು ಯಾದಿ ಮಾಡ್ಲಿಕ್ಕೆ ಇಡೀ ದಿವಸ ಬೇಕೇನು ನಿನಗ?" ನಿಧಾನ ನಮ್ಮ ಬುದ್ಧಿದಲ್ಲರೀ. ನಿಧಾನ ನಮಗ ಕೊಟ್ಟ ದಾರಿದು. ಸುತ್ತು ಹಾದ್ಯಾಗ ನಡಿಸಿ, ಲಗೂ ಯಾಕ ಬರಲಿಲ್ಲ ಅಂತ ಕೇಳೂದು ಯಾವ ನ್ಯಾಯ?

ಇನ್ನೂ ಒಂದು ಹೆಜ್ಜಿ ಹಿಂದ ಇರವರು ಅದಾರ. ಒಂದು ಫೈಲ್ ಮುಚ್ಚಿದ ಮ್ಯಾಲೇ ಇನ್ನೊಂದು ತಗೀಬೇಕು ಅಂತ ತಿಳಕೊಂಡವರು. ನಮ್ಮ ಓಣ್ಯಾಗ ಒಬ್ಬ ವೈನಿ ಅದಾರ, ಲೆಕ್ಕದಾಗ ಭಾಳ ಚೊಕ್ಕ, ಒಂದು ರೂಪಾಯಿ ಆಚೆ ಈಚೆ ಆಗಗೊಡಂಗಿಲ್ಲ. ಮಂಡಳದ ವರ್ಷದ ವಂತಿಗಿ ಯಾದಿ ಅವರ ಕಡೇನೇ. ಹೋದ ವರ್ಷದ ಫೈಲ್ ತಗದು ಹೆಸರು ನೋಡೂದು, ಮುಚ್ಚೂದು, ಈ ವರ್ಷದ್ದು ತಗದು ಬರಿಯೂದು, ಮುಚ್ಚೂದು. ಹಿಂಗ ತಗಿಯೂದು ಮುಚ್ಚೂದು ನಡದಾಗ ಒಮ್ಮೆ ಯಾವದು ತಗದೀನಿ ಅನ್ನೂದೇ ತಪ್ಪಿ, ಹೋದ ವರ್ಷದ ಫೈಲಿನಾಗ ಈ ವರ್ಷದ ರೊಕ್ಕಾ ಬರದು ಸೇವ್ ಮಾಡಿಬಿಟ್ರು. ಹಳೇ ಲೆಕ್ಕಾ ಹೋತು. ಪಾವತಿ ಪುಸ್ತಕ ಇಟ್ಟುಕೊಂಡು ಮೂರು ಮಧ್ಯಾಹ್ನ ಕೂತು ಮತ್ತ ಬರೀಬೇಕಾತು. ಅವರ ಶಾಣ್ಯಾತನಕ್ಕ ಏನೂ ಕಡಿಮಿ ಇರಲಿಲ್ಲ. ಎರಡೂ ಒಟ್ಟಿಗೆ ತಗದಿಡಬಹುದು, ಬಟನ್ ಒತ್ತಿ ಹೋಗಿ ಬರಬಹುದು, ಪ್ರತಿ ಸಲ ಮ್ಯಾಲಿನ ಪಟ್ಟಿಯಾಗ ಫೈಲಿನ ಹೆಸರು ಓದಬೇಕು ಅಂತ ಅವರಿಗೆ ಲ್ಯಾಪ್‌ಟಾಪ್ ಕೊಟ್ಟವರು ಹೇಳಿರಲೇ ಇಲ್ಲ.

ನಾವೆಲ್ಲಾ ಅಡಗಿ ಮನ್ಯಾಗ ಏನ ಮಾಡ್ತೀವಿ? ಒಂದು ಒಲಿ ಮ್ಯಾಲ ಬ್ಯಾಳಿ, ಒಂದರ ಮ್ಯಾಲ ಅನ್ನ, ಇನ್ನೊಂದರ ಮ್ಯಾಲ ಪಲ್ಯಾ. ಅನ್ನ ಆಗೇದೇನು ನೋಡ್ಲಿಕ್ಕೆ ಬ್ಯಾಳಿ ಇಳಿಸಿ, ಒಲಿ ಆರಿಸಿ, ಆಮ್ಯಾಲ ಅನ್ನದ ಮುಚ್ಚಳಾ ತಗೀತೀವೇನು? ಎಲ್ಲಾ ಒಟ್ಟಿಗೆ ಕುದೀತಿರ್ತಾವ, ನಮ್ಮ ಕೈ ಒಂದರಿಂದ ಒಂದಕ್ಕ ಹೋಗ್ತಿರ್ತದ. ನಾಲ್ಕು ಒಲಿ ಸಂಬಾಳಿಸೂ ಹೆಣ್ಣಮಗಳಿಗೆ ಎರಡು ಫೈಲ್ ಕಷ್ಟ ಆಗ್ತದ ಅಂತ ತೀರ್ಮಾನ ಮಾಡಿದವರು ಯಾರು?

ಈಗ ಆ ಬಟನ್ ಯಾವು ಅಂತ ಹೇಳಿಬಿಡ್ತೀನಿ. ಜಗಳದ ನಡುವ ಕಲಿಸಿದಂಗೂ ಆಗ್ಲಿ.

ಮೊದಲನೇದು ಆಲ್ಟ್ ಮತ್ತ ಟ್ಯಾಬ್. ಆಲ್ಟ್ ಅಂದ್ರ ಉದ್ದನ್ನ ಸ್ಪೇಸ್ ಬಟನ್ನಿನ ಎಡಕ್ಕ ಇರ್ತದ. ಟ್ಯಾಬ್ ಎಡಗಡೆ ಮ್ಯಾಲ, ಎರಡು ಬಾಣದ ಗುರುತು ಇರ್ತಾವ ಅದರ ಮ್ಯಾಲ. ಎಡಗೈ ಹೆಬ್ಬೆರಳಿಲೆ ಆಲ್ಟ್ ಒತ್ತಿ ಹಿಡೀರಿ, ಬಿಡಬ್ಯಾಡ್ರಿ. ಟ್ಯಾಬ್ ಒಮ್ಮೆ ತಟ್ರಿ. ತೆರೆದಿದ್ದೆಲ್ಲಾ ಚಿತ್ರ ಆಗಿ ಪರದಾದ ನಡುವ ದೊಡ್ಡದಾಗಿ ಬರ್ತಾವ, ಮ್ಯಾಲ ಹೆಸರೂ ಇರ್ತದ. ಆಲ್ಟ್ ಹಿಡದೇ ಇದ್ದು ಟ್ಯಾಬ್ ತಟ್ಟಿಕೋತ ಹೋದ್ರ ಒಂದೊಂದೇ ಮುಂದ ಸರೀತದ. ಬೇಕಾದ್ದು ಬಂದ ಕೂಡ್ಲೇ ಆಲ್ಟ್ ಬಿಡ್ರಿ, ಅದು ತೆರೀತದ. ಎರಡೇ ಫೈಲ್ ನಡುವ ಓಡಾಡೂದಿದ್ರ ಇನ್ನೂ ಸುಲಭ. ಒಮ್ಮೆ ತಟ್ಟಿ ಬಿಟ್ರ ಈಗಷ್ಟೇ ನೋಡಿದ ಹಿಂದಿನ ಫೈಲ್. ಇನ್ನೊಮ್ಮೆ ತಟ್ಟಿ ಬಿಟ್ರ ತಿರುಗಿ ಇಲ್ಲೇ. ಪಗಡಿ ಹಾಸಿನಾಗ ಕಾಯಿ ಸರಿಸಿದಷ್ಟು ಹೊತ್ತೂ ಬೇಡ. ಮುಂದ ದಾಟಿ ಹೋದ್ರ ಶಿಫ್ಟ್ ಕೂಡಿಸಿ ಒತ್ರಿ, ಹಿಂದ ಬರ್ತದ.

ಎರಡನೇದು ಕಂಟ್ರೋಲ್ ಮತ್ತ ಎಫ್6. ಆಲ್ಟ್ ಟ್ಯಾಬಿನಾಗ ವಾಟ್ಸಾಪ್, ಹಾಡಿನ ವಿಡಿಯೋ, ಎಲ್ಲಾ ಸೇರಿ ಬರ್ತಾವ. ಇದು ಹಂಗಲ್ಲ. ಇದು ವರ್ಡಿನ ಫೈಲಿನೊಳಗಷ್ಟೇ ಓಡಾಡ್ತದ. ನಾಲ್ಕು ಫೈಲ್ ತೆರೆದಿದ್ರ ನಾಲ್ಕನ್ನೂ ಒಂದಾದ ಮ್ಯಾಲ ಒಂದು ತೋರಸ್ತದ. ಶಿಫ್ಟ್ ಕೂಡಿಸಿದ್ರ ಉಲ್ಟಾ ತಿರಗ್ತದ. ವರ್ಡ್ 97ರಾಗ ಎಲ್ಲಾ ಫೈಲ್ ಒಂದೇ ಕಿಟಕಿಯೊಳಗ ಇರ್ತಿದ್ವು, ವರ್ಡ್ 2000ದಿಂದ ಒಂದೊಂದು ಫೈಲಿಗೆ ಒಂದೊಂದು ಕಿಟಕಿ ಆತು. ಇಷ್ಟೆಲ್ಲಾ ಬದಲಾದ್ರೂ ಈ ಬಟನ್ ಬದಲಾಗಿಲ್ಲ. ಒಂದು ಮಾತು: ಕೆಲವು ಲ್ಯಾಪ್‌ಟಾಪಿನಾಗ ಎಫ್6 ಮ್ಯಾಲ ಬೆಳಕಿಂದೋ ಆವಾಜಿಂದೋ ಚಿತ್ರ ಇರ್ತದ. ಅಂಥಾದ್ರಾಗ ಬರೇ ಕಂಟ್ರೋಲ್ ಎಫ್6 ಒತ್ತಿದ್ರ ಕೆಲಸಾ ಮಾಡಂಗಿಲ್ಲ. ಎಡಗಡೆ ಕೆಳಗ ಎಫ್‌ಎನ್ ಅಂತ ಸಣ್ಣ ಬಟನ್ ಇರ್ತದಲ್ಲಾ, ಅದನ್ನೂ ಕೂಡಿಸಿ ಒತ್ತಬೇಕು. ಎಷ್ಟೋ ಮಂದಿ "ಇದು ನಮ್ಮ ಮಶೀನಿನಾಗ ಇಲ್ಲ" ಅಂತ ಕೈ ಬಿಡೂದು ಇದಕ್ಕೇ.

ಮೂರನೇದು, ಫೈಲ್ ಭಾಳ ಇದ್ದಾಗ. ಆಲ್ಟ್ ಒತ್ತಿ ಬಿಟ್ಟು, ಡಬ್ಲ್ಯೂ ಒಮ್ಮೆ, ಮತ್ತ ಡಬ್ಲ್ಯೂ ಇನ್ನೊಮ್ಮೆ. ತೆರೆದ ಫೈಲಿನ ಹೆಸರೆಲ್ಲಾ ಒಂದರ ಕೆಳಗ ಒಂದು ಯಾದಿ ಆಗಿ, ನಂಬರ್ ಹಾಕಿ ಬರ್ತಾವ. ಬೇಕಾದ ನಂಬರ್ ಒತ್ತಿದ್ರಾತು. ಪಡಿತರ ಅಂಗಡ್ಯಾಗ ನಂಬರ್ ಕರದಂಗ.

ಎರಡೂ ಹಾಳಿ ಒಟ್ಟಿಗೇ ಕಾಣಬೇಕಂದ್ರ, ವಿಂಡೋಸ್ ಗುರುತಿನ ಬಟನ್ ಹಿಡದು ಎಡಗಡೆ ಬಾಣದ ಬಟನ್ ಒತ್ರಿ, ಒಂದು ಫೈಲ್ ಎಡಕ್ಕ ಅರ್ಧಾ ಪರದಾಕ್ಕ ಕೂಡ್ತದ. ಇನ್ನೊಂದನ್ನ ಬಲಕ್ಕ ಕೂಡಸ್ರಿ. ಆಪಲ್ ಕಂಪ್ಯೂಟರ್ ಇದ್ದವರು ಕಮಾಂಡ್ ಹಿಡದು ಟ್ಯಾಬಿನ ಮ್ಯಾಲಿನ ಬಟನ್ ತಟ್ರಿ. ಗೂಗಲ್ ಡಾಕ್ಸಿನಾಗ ಬರಿಯೂವರು ಕಂಟ್ರೋಲ್ ಹಿಡದು ಟ್ಯಾಬ್ ತಟ್ರಿ. ಲಿಬ್ರೆ ಆಫೀಸ್ ಇದ್ದವರು ಆಲ್ಟ್ ಟ್ಯಾಬೇ ಹಿಡೀರಿ. ಇಷ್ಟೇ. ಇಡೀ ವಿದ್ಯಾ ಇಷ್ಟೇ. ಇದನ್ನ ಹೇಳ್ಲಿಕ್ಕೆ ಹತ್ತು ನಿಮಿಷ ಬೇಕೇನು?

ಈಗ ನಮ್ಮ ವಯಸ್ಸಿನವರ ಮಾತಿಗೆ ಬರ್ತೀನಿ. ಪಿಯುಸಿ ಮುಗಿಸಿ, ಲಗ್ನಾ ಆಗೂತನಾ ಮನ್ಯಾಗ ಖಾಲಿ ಕೂಡಬಾರದು ಅಂತ ನಮ್ಮನ್ನ ಎಲ್ಲಿಗೆ ಕಳಿಸಿದ್ರು? ಒಬ್ಬರನ್ನ ಹೊಲಿಗಿ ಕ್ಲಾಸಿಗೆ, ಒಬ್ಬರನ್ನ ಟೈಪಿಂಗ್ ಕ್ಲಾಸಿಗೆ. ಓಣಿಗೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ದ ಕಾಲ. ಎ ಎಸ್ ಡಿ ಎಫ್ ಅಂತ ಎಡಗೈ, ಸೆಮಿಕೋಲನ್ ಎಲ್ ಕೆ ಜೆ ಅಂತ ಬಲಗೈ, ತಿಂಗಳಾನುಗಟ್ಟಲೆ ಅದನ್ನೇ ಬಡದೇವಿ. ಕೆಳಗ ನೋಡಿದ್ರ ಕಲಿಸೂವರು ಬೈತಿದ್ರು. ಜೂನಿಯರ್, ಸೀನಿಯರ್ ಪರೀಕ್ಷಾ ಕೊಟ್ಟು ಸರ್ಟಿಫಿಕೇಟ್ ತಗೊಂಡೇವಿ. ಆ ಟೈಪ್‌ರೈಟರಿಗೆ ಮೌಸ್ ಇತ್ತೇನ್ರಿ? ಕೀ ನಮ್ಮ ಬೆರಳಿಗೆ ಹೊಸಾದಲ್ಲ. ಹೊಸಾದು ಮೌಸು. ಇಷ್ಟು ವರ್ಷ ಆದ ಮ್ಯಾಲ ಕಂಪ್ಯೂಟರ್ ಕ್ಲಾಸಿಗೆ ಹೋದ್ರ, ನಮ್ಮ ಬೆರಳಿಗೆ ಗೊತ್ತಿದ್ದ ವಿದ್ಯಾ ಕೇಳಲೇ ಇಲ್ಲ. "ಇದು ಮೌಸ್ ರೀ ಮೇಡಂ, ಹಿಂಗ ಹಿಡೀಬೇಕು" ಅಂತ ಶುರು ಮಾಡಿ ಅಲ್ಲೇ ಮುಗಿಸಿದ್ರು. ಈಜು ಬರೂವರನ್ನ ಒಯ್ದು ದಂಡಿ ಮ್ಯಾಲ ಕೂಡಿಸಿದಂಗ.

ಮೌಸ್ ಕಂಡುಹಿಡದವರೇ ಬರೇ ಮೌಸ್ ಸಾಕು ಅಂತ ಅಂದಿಲ್ಲ, ಅದನ್ನ ಯಾರರೆ ಹೇಳ್ಯಾರೇನು ನಿಮಗ? ಡಗ್ಲಾಸ್ ಎಂಗೆಲ್‌ಬಾರ್ಟ್ ಅಂತ ಅವರ ಹೆಸರು. 1968ರ ಡಿಸೆಂಬರ್ 9ಕ್ಕ ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋದಾಗ ದೊಡ್ಡ ಸಭಾದ ಮುಂದ ಮೌಸ್ ತೋರಿಸಿದ್ರು. ಅವರ ಬಲಗೈಯಾಗ ಮೌಸ್ ಇತ್ತು, ಎದುರಿಗೆ ಕೀಬೋರ್ಡ್ ಇತ್ತು, ಎಡಗೈ ಕೆಳಗ ಐದು ಬಟನ್ನಿನ ಬ್ಯಾರೇನೇ ಒಂದು ಸಣ್ಣ ಪೆಟಗಿ ಇತ್ತು. ಹಾರ್ಮೋನಿಯಂ ಮ್ಯಾಲ ಸ್ವರ ಹಿಡದಂಗ ಎರಡು ಮೂರು ಬಟನ್ ಕೂಡಿಸಿ ಒತ್ತಿ ಆಜ್ಞಾ ಕೊಡ್ತಿದ್ರು. ಒಂದು ಕೈ ತೋರಸಬೇಕು, ಇನ್ನೊಂದು ಕೈ ಆಜ್ಞಾ ಕೊಡಬೇಕು, ಅದು ಅವರ ವಿಚಾರ. ಆ ಐದು ಬಟನ್ನಿನ ಪೆಟಗಿ ಮುಂದ ಮನಿ ಮನಿಗೆ ಬರಲಿಲ್ಲ, ಮೌಸ್ ಬಂತು. ಕಂಟ್ರೋಲ್, ಆಲ್ಟ್ ಒತ್ತಿ ಕೊಡೂ ಆಜ್ಞಾ ಅದೇ ಕೆಲಸಾ ಮಾಡ್ತಾವ. ಅವನ್ನ ಬಿಟ್ಟು ಬರೇ ಮೌಸ್ ಕಲಿಸೂದಂದ್ರ ಒಂದು ಕೈ ಕಟ್ಟಿ ರೊಟ್ಟಿ ಬಡಿ ಅಂದಂಗ.

ಈಗ ಎದುರು ಮಾತುಗಳನ್ನ ನೋಡೂಣು. ಎಲ್ಲಾರ ಮನ್ಯಾಗೂ ಇವೇ ಇರ್ತಾವ.

"ಈ ವಯಸ್ಸಿನಾಗ ನಿಮಗ ನೆನಪ ಉಳಿಯಂಗಿಲ್ಲ." ಹೌದೇನು? ಯಾವ ಬ್ಯಾಳಿಗೆ ಕುಕ್ಕರ್ ಎಷ್ಟು ಸೀಟಿ ಹೊಡೀಬೇಕು, ಯಾವ ರಂಗೋಲಿಗೆ ಎಷ್ಟು ಚುಕ್ಕಿ, ಯಾರ ಶ್ರಾದ್ಧ ಯಾವ ತಿಥಿಗೆ, ಯಾವ ಸ್ವಾದರತ್ತಿಗೆ ಯಾವ ಬಣ್ಣದ ಸೀರಿ ಕೊಟ್ಟೇವಿ, ಇದೆಲ್ಲಾ ಯಾರ ತಲ್ಯಾಗ ಅದ? ನುಡಿಯಾಗ ಕನ್ನಡ ಟೈಪ್ ಮಾಡೂವರಂತೂ ಕೇಳೂದೇ ಬ್ಯಾಡ. ಕೆ.ಪಿ. ರಾವ್ ಅವರು ಮಾಡಿಕೊಟ್ಟ ಕೀಲಿಮಣೆ ಅದಕ್ಕ ಆಧಾರ. "ಅಕ್ಕ" ಅಂತ ಬರೀಬೇಕಂದ್ರ ಎ, ಕೆ, ಎಫ್, ಕೆ ಒತ್ತಬೇಕು. ಒತ್ತಕ್ಷರ ಬಂದಲ್ಲೆಲ್ಲಾ ನಡುವ ಎಫ್ ಹಾಕೂದು ನಮ್ಮ ಬೆರಳಿಗೆ ನೆನಪಿರ್ತದ, ಆಲ್ಟ್ ಟ್ಯಾಬ್ ನೆನಪಿರಂಗಿಲ್ಲೇನು? ಮರವು ವಯಸ್ಸಿಂದಲ್ಲ, ರೂಢಿ ಇಲ್ಲದ್ದಕ್ಕ ಬರೂದು. ಒಂದು ವಾರ ದಿನಾ ಹತ್ತು ಸಲ ಒತ್ರಿ, ಆಮ್ಯಾಲ ಬೆರಳೇ ಹೋಗ್ತದ.

"ಏನರೆ ತಪ್ಪು ಒತ್ತಿ ಫೈಲ್ ಹಾಳ ಮಾಡ್ಕೋತೀರಿ." ಇದೊಂದು ಹೆದರಿಕಿ ಹಾಕಿ ನಮ್ಮನ್ನ ಇಷ್ಟು ವರ್ಷ ದೂರ ಇಟ್ಟಾರ. ಒಂದರಿಂದ ಇನ್ನೊಂದು ಫೈಲಿಗೆ ಹೋಗೂದ್ರಿಂದ ಒಂದು ಅಕ್ಷರ ಸುದ್ದಾ ಅಳಸಂಗಿಲ್ಲ. ಪಡಸಾಲಿಯಿಂದ ಅಡಗಿ ಮನಿಗೆ ಹೋದ್ರ ಪಡಸಾಲಿ ಬೀಳ್ತದೇನು? ಬಟನ್ ತಪ್ಪಿ ಫೈಲ್ ಮುಚ್ಚೋ ಹಂಗಾದ್ರೂ, ಸೇವ್ ಮಾಡದೇ ಇದ್ದದ್ದಿದ್ರ ವರ್ಡ್ "ಇದನ್ನ ಉಳಸಲೋ ಬ್ಯಾಡೋ" ಅಂತ ಕೇಳೇ ಮುಚ್ಚತದ. ಬರದದ್ದು ಏನರೆ ಅಳಸಿದ್ರ ಕಂಟ್ರೋಲ್ ಝಡ್ ಒತ್ರಿ, ತಿರುಗಿ ಬರ್ತದ. ಹೆದರಿಸೂ ಬದಲಿ ಈ ಝಡ್ ಹೇಳಿಕೊಟ್ಟಿದ್ರ ಎಷ್ಟೋ ಮಂದಿ ಧೈರ್ಯ ಮಾಡ್ತಿದ್ರು.

"ಈಗ ಎಲ್ಲಾ ಮೊಬೈಲಿನಾಗೇ ಆಗ್ತದ." ಆಗ್ತದ, ಎರಡು ಸಾಲಿನ ಮಾತು ಆಗ್ತದ. 200 ಹೆಸರಿನ ಯಾದಿ, 60 ಪುಟದ ಭಜನಾ ಪುಸ್ತಕ ಅಂಗೈಯಷ್ಟು ಪರದಾದಾಗ ಮಾಡ್ಲಿ ನೋಡೂಣು, ಈ ಮಾತು ಅಂದವರೇ. ಅವರು ತಮ್ಮ ಆಫೀಸಿನ ಕೆಲಸಾ ಮೊಬೈಲಿನಾಗ ಮಾಡ್ತಾರೇನು? ಎರಡೆರಡು ಪರದಾ ಹಚ್ಚಿಕೊಂಡು ಕೂಡ್ತಾರ.

"ಮೌಸ್ ಸುಲಭ." ಮೊದಲನೇ ದಿವಸ ಸುಲಭ, ಒಪ್ಪಿಕೊಂಡೆ. ಚಿತ್ರ ನೋಡ್ಲಿಕ್ಕೆ, ಏನರೆ ಎಳದು ಕೂಡಿಸ್ಲಿಕ್ಕೆ ಮೌಸೇ ಬೇಕು, ಅದನ್ನೂ ಒಪ್ಪಿಕೊಂಡೆ. ಆದ್ರ ಮೊದಲನೇ ದಿವಸದ ಸುಲಭವನ್ನ ಹತ್ತು ವರ್ಷ ಎಳೀಬಾರದು. ಸಣ್ಣ ಕೂಸಿಗೆ ಗೋಡಿ ಹಿಡದು ನಡಸ್ತೀವಿ, ಖರೆ. ಹಂಗಂತ ಸಾಲಿಗೆ ಹೋಗೂ ಮುಂದೂ ಗೋಡಿ ಹಿಡದೇ ಹೋಗು ಅಂತೀವೇನು?

ಕಡೀ ಮಾತೇ ಭಾಳ ಸಿಹಿ ಮಾತು, ಭಾಳ ಕೆಟ್ಟ ಮಾತೂ ಹೌದು: "ನೀ ಬಿಡು, ನಾ ಮಾಡಿಕೊಡ್ತೀನಿ." ಕೇಳ್ಲಿಕ್ಕೆ ಪ್ರೀತಿ ಕಾಣ್ತದ. ಪ್ರೀತಿ ಇರ್ತದ ಸುದ್ದಾ. ಆದ್ರ ನೋಡ್ರಿ ಏನಾಗ್ತದ. ಕೇಳಿದ ಕೂಡ್ಲೇ ಬಗ್ಗಿ, ನಮ್ಮ ಕೈಯಾಗಿನ ಮೌಸ್ ಕಸಗೊಂಡು, ಟಕ ಟಕ ಅಂತ ಎರಡು ಬಟನ್ ಒತ್ತಿ, "ಆತು ನೋಡು" ಅಂತ ಎದ್ದು ಹೋಗ್ತಾರ. ಏನ ಒತ್ತಿದ್ರು ಕಾಣೂದಿಲ್ಲ. ಮರುದಿನಾ ಮತ್ತ ಕರೀಬೇಕು. ಕರದ್ರ, "ನಿನ್ನೇನೇ ತೋರಿಸಿದ್ನೆಲ್ಲಾ" ಅಂತ ಬೇಸರ. ತೋರಿಸಿಲ್ಲರೀ, ಮಾಡ್ಯಾರ. ತೋರಿಸೂದು ಬ್ಯಾರೆ, ಮಾಡೂದು ಬ್ಯಾರೆ. ಮಕ್ಕಳಿಗೆ ನಾವು ಬೂಟಿನ ದಾರಾ ಕಟ್ಟಲಿಕ್ಕೆ ಹ್ಯಾಂಗ ಕಲಿಸಿದ್ವಿ? ಅವರ ಕೈ ಹಿಡದು, ಅವರ ಕೈಲೆನೇ ಕಟ್ಟಿಸಿದ್ವಿ. ಸಾಲಿ ಗಾಡಿ ಬಂದು ನಿಂತು ಹಾರ್ನ್ ಹೊಡೀತಿದ್ರೂ ಕಾಯ್ದೇವಿ. ಅಷ್ಟು ತಾಳ್ಮಿ ಈಗ ಹತ್ತು ನಿಮಿಷ ನಮ್ಮ ಪಾಲಿಗೆ ಬರಬಾರದೇನು?

ಈ ಕೆಟ್ಟತನ ಬರೇ ಬೇಸರಕ್ಕ ನಿಲ್ಲಂಗಿಲ್ಲ. ಹೆಣ್ಣಮಗಳು ಬರಿಯೂ ಎಲ್ಲಾ ಪತ್ರಾ ಎಲ್ಲಾರೂ ಓದೂವಂಥಾವು ಇರೂದಿಲ್ಲ. ತವರಮನಿ ಆಸ್ತಿ ಬಗ್ಗೆ ಅಣ್ಣತಮ್ಮಂದಿರಿಗೆ ಬರಿಯೂ ಪತ್ರ ಇರ್ತದ. ಬ್ಯಾಂಕಿನಾಗ ತನ್ನ ಹೆಸರಿನ ಠೇವಣಿ ಬಗ್ಗೆ ಅರ್ಜಿ ಇರ್ತದ. ಮಗಳ ಸಂಸಾರದಾಗ ಏನೋ ಬಿಗಡಾಯಿಸಿದಾಗ ವಕೀಲರಿಗೆ ತೋರಸ್ಲಿಕ್ಕೆ ತಾರೀಖು ಹಚ್ಚಿ ಬರದಿಟ್ಟ ಹಾಳಿ ಇರ್ತದ. ಇಂಥಾ ಹಾಳಿ ಒಂದು ತೆರೆದಿಟ್ಟು, ಇನ್ನೊಂದಕ್ಕ ಹೋಗ್ಲಿಕ್ಕೆ ಬರದ "ಬಾರೋ ಮಗನ, ಹುಡುಕಿಕೊಡು" ಅಂತ ಕರದ್ರ, ಅವನ ಕಣ್ಣಿಗೆ ಎಲ್ಲಾ ಬೀಳ್ತದ. ಎಷ್ಟೋ ಮಂದಿ ಇದಕ್ಕೇ ಹೆದರಿ ಆ ಪತ್ರಾ ಬರಿಯೂದೇ ಬಿಟ್ಟಾರ. ಎರಡು ಬಟನ್ ಗೊತ್ತಿಲ್ಲ ಅಂತ ಒಂದು ಹೆಣ್ಣಮಗಳ ನ್ಯಾಯದ ಪತ್ರ ಬರಿಯೂದೇ ಉಳದ್ರ, ಅದು ಸಣ್ಣ ವಿಷಯ ಅನಸ್ತದೇನು ನಿಮಗ?

ಹಿಂದಿನ ಕಾಲದಾಗ ಮನ್ಯಾಗ ಯಜಮಾನಿ ಯಾರು ಅನ್ನೂದು ಹ್ಯಾಂಗ ತಿಳೀತಿತ್ತು? ಕೀಲಿಕೈ ಗೊಂಚಲು ಯಾರ ಸೊಂಟದಾಗ ಅದ ನೋಡಿ. ಉಗ್ರಾಣದ ಕೀಲಿ, ಟ್ರಂಕಿನ ಕೀಲಿ, ಕಪಾಟಿನ ಕೀಲಿ. ಸ್ವಸಿಗೆ ಮನಿ ತುಂಬಾ ಓಡಾಡ್ಲಿಕ್ಕೆ ಬಿಡ್ತಿದ್ರು, ಕೀಲಿಕೈ ಮಾತ್ರ ಕೊಡ್ತಿದ್ದಿಲ್ಲ. ಒಂದು ಪಾವು ಸಕ್ಕರಿ ಬೇಕಾದ್ರೂ ಕೇಳಿ ತಗೋಬೇಕು. ಈಗಿನ ಮೌಸ್ ಹಂಗೇ ಅದ. ಓಡಾಡು ಅಂತ ಬಿಟ್ಟಾರ. ಕೀ ಅವರ ಕಡೆ.

ಈಗ ನಮ್ಮವರ ಮ್ಯಾಲೂ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಕಲತ ಹೆಣ್ಣಮಕ್ಕಳೂ ಹೇಳಿಕೊಡಂಗಿಲ್ಲ. ಮಂಡಳದಾಗ ಒಬ್ಬರಿಗೆ ಬಂತಂದ್ರ, "ಅವರನ್ನೇ ಕೇಳ್ರಿ, ಅವರಿಗೆ ಭಾಳ ಗೊತ್ತದ" ಅಂತ ಅನ್ನಿಸಿಕೊಳ್ಳೂದು ಹಿತಾ ಅನಸ್ತದ. ಪುಡಿಚಟ್ನಿ ಅಳತಿ ಹೇಳೂ ಮುಂದ ಒಂದು ಸಾಮಾನು ಬಿಟ್ಟು ಹೇಳೂ ಚಾಳಿ ಇರ್ತದಲ್ಲಾ, ಅದೇ ಇದು. ಬ್ಯಾಡ್ರಿ. ನಮಗ ಯಾರೂ ಹೇಳಲಿಲ್ಲ ಅಂತ ಬೈಯೂ ನಾವು, ಬಾಜೂ ಮನಿ ಕಾಕುಗೆ ಹೇಳಲಾರದ ಇದ್ರ ನಮ್ಮ ಬೈಗುಳಕ್ಕ ಏನ ಬೆಲಿ?

ಫೈಲಿಗೆ ಹೆಸರು ಇಡೂದ್ರಾಗೂ ಥೋಡೆ ಜವಾಬ್ದಾರಿ ತಗೋರಿ. "ಹೊಸಾದು", "ಹೊಸಾದು 2", "ಖರೇ ಹೊಸಾದು" ಅಂತ ಇಟ್ರ ಯಾವ ಬಟನ್ ಒತ್ತಿದ್ರೂ ದಿಕ್ಕು ತಪ್ಪತದ. ಆಲ್ಟ್ ಟ್ಯಾಬಿನಾಗ ಕಾಣೂದು ಹೆಸರೇ. ಡಬ್ಬಿಗೆ ಚೀಟಿ ಹಚ್ಚಿದಂಗ ಹಚ್ರಿ: "ವಂತಿಗಿ 2024", "ವಂತಿಗಿ 2025". ಕನ್ನಡದಾಗೇ ಇಡ್ರಿ, ನಡೀತದ.

ಹಂಗಾದ್ರ ಮಾಡೂದೇನು? ನಾ ಕೇಳೂದು ಮೂರೇ. ಕಂಪ್ಯೂಟರ್ ಕ್ಲಾಸ್ ನಡಸೂವರು, ಹೆಣ್ಣಮಕ್ಕಳು ಬಂದ ಮೊದಲನೇ ವಾರದಾಗೇ ಆಲ್ಟ್ ಟ್ಯಾಬ್, ಕಂಟ್ರೋಲ್ ಎಫ್6, ಕಂಟ್ರೋಲ್ ಝಡ್ ಹೇಳಿಕೊಡ್ಲಿ. "ನಿಮಗ್ಯಾಕ ಬೇಕ್ರಿ ಮೇಡಂ" ಅನ್ನೂ ಮಾತು ಬಾಯಾಗ ಬರಬಾರದು, ಫೀ ತಗೊಳ್ಳೂ ಮುಂದ ಹಂಗ ಅಂದಿರ್ತಾರೇನು? ಎರಡನೇದು, ಈ ವಾರ ಲ್ಯಾಪ್‌ಟಾಪ್ ಇದ್ದವರೆಲ್ಲಾ ಎರಡು ಫೈಲ್ ತಗದಿಟ್ಟು ದಿನಾ ಹತ್ತು ಸಲ ಹೋಗಿ ಬರ್ರಿ, ಸುಮ್ಮನ. ಬ್ಯಾಳಿ ಕುದಿಯೂದ್ರಾಗ ಆಗೂ ಕೆಲಸ.

ಮೂರನೇದು ಎಲ್ಲಾಕ್ಕಿಂತ ಮುಖ್ಯ. ಇನ್ನ ಮ್ಯಾಲ ಮಗಾ ಇರ್ಲಿ, ಮಗಳಿರ್ಲಿ, ಮನಿ ಯಜಮಾನರೇ ಇರ್ಲಿ, ನೀವು ಕೇಳಿದ ಕೂಡ್ಲೇ ಬಗ್ಗಿ ಮೌಸಿಗೆ ಕೈ ಹಾಕಿದ್ರ, ಕುರ್ಚಿ ಬಿಟ್ಟು ಏಳಬ್ಯಾಡ್ರಿ, ಮೌಸೂ ಬಿಡಬ್ಯಾಡ್ರಿ. ಮಕ್ಕಳಿಗಾದ್ರ ಹಿಂಗನ್ರಿ: "ಕೈ ತಗಿ. ಬಾಯಿಲೆ ಹೇಳು. ಒತ್ತಾಕಿ ನಾನು." ಯಜಮಾನರಿಗಾದ್ರ ಒಂದು "ರೀ" ಹಚ್ಚಿ ಇದೇ ಮಾತು ಅನ್ರಿ.